ಗ್ರೀನ್ ಟೀ ಕುಡಿದರೆ ಬೊಜ್ಜು ಕರಗುತ್ತದೆಯೇ? ಸತ್ಯಾಂಶ

‘ಖಾಲಿ ಹೊಟ್ಟೆಗೆ ಗ್ರೀನ್ ಟೀ ಕುಡಿಯಿರಿ, ತಿಂಗಳಲ್ಲಿ ಬೊಜ್ಜು ಮಾಯ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಯ 2012ರ ಪರಾಮರ್ಶೆಯಲ್ಲಿ ಕಂಡ ತೂಕ ಇಳಿಕೆ ತೀರಾ ಅಲ್ಪ. ಸಕ್ಕರೆ ಪಾನೀಯದ ಬದಲಿಗೆ ಕುಡಿದರೆ ಲಾಭವುಂಟು: ಎರಡು ಟೀ ಚಮಚ ಸಕ್ಕರೆ ಬಿಟ್ಟರೆ ಸುಮಾರು 30 ಕ್ಯಾಲೊರಿ ಉಳಿಯುತ್ತದೆ. ಜೇನು ಬೆರೆಸಿದರೆ ಅದೂ ಹೋಯಿತು.

ಕುದಿಯುವ ನೀರಲ್ಲಿ ಎಲೆ ಕಹಿಯಾಗುತ್ತದೆ. 80 ಡಿಗ್ರಿ ನೀರಲ್ಲಿ 2–3 ನಿಮಿಷ ಸಾಕು. ಖಾಲಿ ಹೊಟ್ಟೆಯಲ್ಲಿ ಕೆಲವರಿಗೆ ವಾಕರಿಕೆ ಬರುತ್ತದೆ. ಊಟದ ಜೊತೆ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಲ್ಪಡುವುದಿಲ್ಲ. ರಕ್ತಹೀನತೆ ಇರುವವರು ಒಂದು ಗಂಟೆ ಅಂತರವಿಡಿ.

ನಿಜಕ್ಕೂ ಆತಂಕದ ವಿಷಯವೆಂದರೆ ಗ್ರೀನ್ ಟೀ ಸಾರದ ಮಾತ್ರೆಗಳು. ಹೆಚ್ಚು ಪ್ರಮಾಣದಲ್ಲಿ ನುಂಗಿ ಯಕೃತ್ತಿಗೆ ಹಾನಿಯಾದವರಿದ್ದಾರೆ. ವೈದ್ಯರನ್ನು ಕೇಳದೆ ದಯವಿಟ್ಟು ತೆಗೆದುಕೊಳ್ಳಬೇಡಿ.