ಸ್ವಲ್ಪ ಜೋರು ಮಾಡಿ ಕಳಿಸಿ

ಸಂಕಲನವೊಂದಕ್ಕೆ ಹಾಡು ಕಳಿಸಿದ್ದೆ. ಇವತ್ತು ಬೆಳಿಗ್ಗೆ ಉತ್ತರ ಬಂತು. "ಹಾಡು ಚೆನ್ನಾಗಿದೆ. ಉಳಿದ ಹಾಡುಗಳ ಪಕ್ಕ ಇಟ್ಟರೆ ಸ್ವಲ್ಪ ಮೆತ್ತಗೆ ಕೇಳಿಸುತ್ತದೆ. ಜೋರು ಮಾಡಿ ಕಳಿಸಿ." ಕೊನೆಗೊಂದು ನಗುವ ಮುಖ.

ಆ ನಗುವ ಮುಖ ನೋಡಿಯೇ ನನಗೆ ಉರಿದುಹೋಯಿತು. ಏಕೆಂದರೆ ಇವರೇ ಕಳಿಸಿದ ನಿಯಮಗಳ ಪಟ್ಟಿ ನನ್ನ ಕಣ್ಣೆದುರಿಗೇ ಇದೆ. ವೇವ್ ಫೈಲ್ ಆಗಿರಬೇಕು, 24 ಬಿಟ್ ಇರಬೇಕು, ಲೌಡ್‌ನೆಸ್, ಅಂದರೆ ಹಾಡು ಒಟ್ಟಾರೆ ಎಷ್ಟು ಜೋರು ಅನ್ನುವ ಅಳತೆ, ಮೈನಸ್ 14 ಲಫ್ಸ್ ಇರಬೇಕು, ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬಲ್ ದಾಟಬಾರದು. ಎಲ್ಲವನ್ನೂ ಚಾಚೂ ತಪ್ಪದೆ ಪಾಲಿಸಿದ್ದೇನೆ. ಬೇರೆಯವರು ಮೈನಸ್ 9, ಮೈನಸ್ 8 ಅಂತ ಏರಿಸಿ ಕಳಿಸಿದ್ದಾರೆ. ಈ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ ಹೋದಷ್ಟೂ ಸದ್ದು ಜಾಸ್ತಿ. ನಿಯಮ ಮುರಿದವರಿಗೆ ಯಾರೂ ಮೆತ್ತಗೆ ಮಾಡಿ ಅನ್ನಲಿಲ್ಲ. ಪಾಲಿಸಿದವನಿಗೆ ಮಾತ್ರ ನಗುವ ಮುಖ.

ಮನೆಯಲ್ಲೇ ಮಾಸ್ಟರಿಂಗ್ ಮಾಡಿಕೊಳ್ಳುವವರಿಗೆ ಈ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಹಾಡು ಹಾಡಿಯಾಗಿದೆ, ಮಿಕ್ಸಿಂಗ್ ಮುಗಿದಿದೆ, ಇನ್ನೇನು ಕೊನೆಯದಾಗಿ ಒಂದು ಪಾಲಿಶ್, ಅದೇ ಮಾಸ್ಟರಿಂಗ್, ಕೊಟ್ಟು ಕಳಿಸುವುದು ಅಂತ ಕೂತಿರುತ್ತೀರಿ. ಅಷ್ಟು ಹೊತ್ತಿಗೆ ಕಿವಿ ಸೋತುಹೋಗಿರುತ್ತದೆ. ಎಲ್ಲಕ್ಕಿಂತ ಸೂಕ್ಷ್ಮವಾದ ಕೆಲಸ ಎಲ್ಲಕ್ಕಿಂತ ದಣಿದ ಕಿವಿಯ ಪಾಲಿಗೆ! ಹಿಂದೆ ಇದಕ್ಕೆ ಅಂತಲೇ ಬೇರೆ ಜನ ಇರುತ್ತಿದ್ದರು. ಗ್ರಾಮಫೋನ್ ತಟ್ಟೆಯ ಕಾಲದಲ್ಲಿ ಬೇಸ್ ವಿಪರೀತವಾದರೆ ಮುಳ್ಳು ಗೀರಿನಿಂದ ಎಗರಿಬಿಡುತ್ತಿತ್ತು. ಎಗರದಂತೆ ನೋಡಿಕೊಳ್ಳುವುದು ಅವರ ಕೆಲಸ. ಈಗ ಮುಳ್ಳೂ ಇಲ್ಲ, ಆ ಜನರಿಗೆ ಕೊಡಲು ನಮ್ಮ ಹತ್ತಿರ ಕಾಸೂ ಇಲ್ಲ. ಇರುವುದು ಒಂದು ಲ್ಯಾಪ್‌ಟಾಪ್, ಒಂದು ಹೆಡ್‌ಫೋನ್, ಮತ್ತು ನನ್ನ ವಿಷಯದಲ್ಲಿ, ಭಾವ.

ಭಾವ ಅಂದರೆ ಅಕ್ಕನ ಗಂಡ. ಹಾಡುವುದು ಅಕ್ಕ. ಹಾಗಾಗಿ ಹಾಡಿನ ಮೇಲೆ ತಮಗೂ ಹಕ್ಕಿದೆ ಅಂತ ಭಾವ ನಂಬಿದ್ದಾರೆ. ಬೇರೆ ಬೇರೆ ಸ್ಪೀಕರುಗಳಲ್ಲಿ ಕೇಳಿ ನೋಡಬೇಕು ಅಂತ ಮಾಸ್ಟರಿಂಗ್ ಕಲಿಸುವವರೆಲ್ಲ ಹೇಳುತ್ತಾರೆ. ಮೊಬೈಲಿನಲ್ಲಿ ಕೇಳಿ, ಕಾರಿನಲ್ಲಿ ಕೇಳಿ, ಅಂತ. ಕಾರು ಇರುವುದು ಭಾವನ ಹತ್ತಿರ. ಅಲ್ಲಿಗೆ ನನ್ನ ಕಥೆ ಮುಗಿಯಿತು.

ಮೊದಲು ಮೊಬೈಲ್ ಪರೀಕ್ಷೆ. ಭಾವ ಫೋನನ್ನು ಅಂಗೈಯಲ್ಲಿ ಭದ್ರವಾಗಿ ಹಿಡಿಯುತ್ತಾರೆ. ಎಷ್ಟು ಭದ್ರವಾಗಿ ಅಂದರೆ ಸ್ಪೀಕರಿನ ತೂತು ಪೂರ್ತಿ ಮುಚ್ಚಿಹೋಗುತ್ತದೆ. ಕಣ್ಣು ಮುಚ್ಚಿ ತಲೆ ಆಡಿಸುತ್ತಾರೆ. ಪಲ್ಲವಿ ಮುಗಿಯುವ ಮೊದಲೇ ತೀರ್ಪು: "ಬೇಸೇ ಇಲ್ವಲ್ಲಯ್ಯಾ."

ಅಷ್ಟು ಸಣ್ಣ ಸ್ಪೀಕರಿಗೆ 100 ಹರ್ಟ್ಸ್‌ನ ಕೆಳಗಿನ ತಗ್ಗು ಸ್ವರಗಳನ್ನು ನುಡಿಸುವ ಶಕ್ತಿ ಹೆಚ್ಚುಕಮ್ಮಿ ಇರುವುದೇ ಇಲ್ಲ. ಭಾವನಿಗೆ ಇದನ್ನು ವಿವರಿಸಿದೆ. "ಹಾಗಾದ್ರೆ ಬೇರೆ ಹಾಡುಗಳಲ್ಲಿ ಹೇಗೆ ಕೇಳ್ಸುತ್ತೆ?" ಅಂದರು. ಒಳ್ಳೇ ಪ್ರಶ್ನೆ, ಒಪ್ಪಬೇಕು. ಬೇಸ್‌ಗೆ ಸ್ವಲ್ಪ ಸ್ಯಾಚುರೇಷನ್ ಕೊಟ್ಟರೆ, ಅಂದರೆ ಬೇಕಂತಲೇ ಚೂರು ಒರಟು ಮಾಡಿದರೆ, ಅದರ ಮೇಲಿನ ಹಾರ್ಮೋನಿಕ್‌ಗಳು, ಅಂದರೆ ಎರಡು ಪಟ್ಟು, ಮೂರು ಪಟ್ಟು ಕಂಪನದ ಸ್ವರಗಳು ಹುಟ್ಟುತ್ತವೆ. ಮೊಬೈಲ್ ಅಷ್ಟನ್ನು ನುಡಿಸುತ್ತದೆ. ಕೆಳಗಿನ ಮೂಲ ಸ್ವರ ಇಲ್ಲದಿದ್ದರೂ ಇದೆ ಅಂತ ಮೆದುಳೇ ಅಂದುಕೊಳ್ಳುತ್ತದೆ. ಸರಿ, ಹಾಗೇ ಮಾಡಿದೆ. ಈಗ ಕೇಳಿಸುತ್ತಾ ಅಂತ ಕೇಳಿದೆ. ಇಲ್ಲ ಅಂದರು. ಅಂಗೈ ಇನ್ನೂ ಅಲ್ಲೇ ಇತ್ತು.

ಆಮೇಲೆ ಕಾರು. ಭಾವ ಕಾರಿನಲ್ಲಿ ಹಾಡು ಕೇಳುವ ಕ್ರಮವೇ ಬೇರೆ. ನಿಂತ ಕಾರಿನಲ್ಲಿ ಕೇಳುವುದಿಲ್ಲ, ಓಡುತ್ತಲೇ ಇರಬೇಕು. ಹಾಡು ಶುರುವಾದ ಕೂಡಲೇ ಮಾತೂ ಶುರು. ವಾಯ್ಲಿನ್ ಬರುವ ಜಾಗದಲ್ಲಿ ಸರಿಯಾಗಿ ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತದೆ, ಅದೂ ತಾಳ ತಪ್ಪಿ. ಚರಣಕ್ಕೆ ಬಂದಾಗ ನನ್ನ ಹಾಡನ್ನು ತಾನಾಗಿ ತಗ್ಗಿಸಿ ದಾರಿ ಹೇಳುವ ಹೆಂಗಸು, "200 ಮೀಟರ್ ನಂತರ ಎಡಕ್ಕೆ ತಿರುಗಿ" ಅನ್ನುತ್ತಾಳೆ. ಅವಳ ಧ್ವನಿ ಮಾತ್ರ ಎಷ್ಟು ಸ್ಪಷ್ಟ! ಅವಳಿಗೆ ಮಾಸ್ಟರಿಂಗ್ ಮಾಡಿದ ಪುಣ್ಯಾತ್ಮ ಯಾರೋ.

ಅಷ್ಟೂ ಗಲಾಟೆಯ ನಡುವೆ ಭಾವ ಹೇಳಿದ್ದು: "ಬೇಸ್ ತುಂಬಾ ಜಾಸ್ತಿ ಆಯ್ತು ಕಣಯ್ಯಾ. ಎದೆ ನಡುಗ್ತಾ ಇದೆ."

ಮೊಬೈಲಿನಲ್ಲಿ ಇಲ್ಲದ ಬೇಸ್ ಕಾರಿನಲ್ಲಿ ಎದೆ ನಡುಗಿಸುತ್ತದೆ. ಫೈಲ್ ಒಂದೇ. ಬಾಗಿ ನೋಡಿದೆ. ಸ್ಟೀರಿಯೋದ ಬೇಸ್ ಗುಂಡಿ ಬಲಕ್ಕೆ ಇನ್ನು ತಿರುಗದಷ್ಟು ತಿರುಗಿ ನಿಂತಿತ್ತು.

"ಭಾವ, ಇದನ್ನ ಪೂರ್ತಿ ಏರಿಸಿದ್ದೀರಲ್ಲ?"

"ಅದು ಮೊದಲಿಂದ್ಲೂ ಹಾಗೇ ಇದೆ. ಮುಟ್ಬೇಡ. ಹಾಗಿದ್ರೇ ವಾರ್ತೆ ಚೆನ್ನಾಗಿ ಕೇಳ್ಸೋದು."

ವಾರ್ತೆಗೆ ಬೇಸ್ ಬೇಕು. ಹಾಡಿಗೆ ಬೇಡ. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಆಗ ಭಾವ ತಾವಾಗಿಯೇ ಕೈ ಚಾಚಿ ವಾಲ್ಯೂಮ್ ಏರಿಸಿದರು. "ಹಾಂ, ಈಗ ನೋಡು, ಈಗ ಸರಿಯಾಯ್ತು. ಏನು ಮಾಡ್ದೆ?" ಅಂದರು. ಮಾಡಿದ್ದು ಅವರೇ! ಇನ್ನೂ ಸ್ವಲ್ಪ ಏರಿಸಿದರು. "ಇನ್ನೂ ಚೆನ್ನಾಗಾಯ್ತು."

ಬೇಜಾರಿನ ಸಂಗತಿ ಅಂದರೆ ಇದರಲ್ಲಿ ವಿಜ್ಞಾನವೂ ಭಾವನ ಕಡೆಗೇ ನಿಂತಿದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಎಂಬಿಬ್ಬರು ಇದನ್ನು ಅಳೆದು ತೋರಿಸಿದ್ದರು. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಸರಿಯಾಗಿ ತಾಗುವುದಿಲ್ಲ. ಜೋರು ಮಾಡಿದರೆ ಅವೂ ಎದ್ದು ಬರುತ್ತವೆ. ಹಾಡು ತುಂಬಿಕೊಂಡ ಹಾಗೆ ಅನ್ನಿಸುತ್ತದೆ. ಅಂದರೆ ಜೋರಾಗಿರುವುದೇ ಚೆನ್ನಾಗಿರುವುದು ಅಂತ ಎಲ್ಲರ ಕಿವಿಯೂ ಮೋಸಹೋಗುತ್ತದೆ. ಸಂಕಲನದವರ ಕಿವಿಯೂ ಅಷ್ಟೇ. ಅವರೂ ಯಾರೋ ಒಬ್ಬರ ಭಾವನೇ ಇರಬೇಕು.

ಆದರೆ ಜೋರು ಮಾಡುವುದು ಎಲ್ಲಿಯವರೆಗೆ? ಡಿಜಿಟಲ್‌ನಲ್ಲಿ ಸೊನ್ನೆಯೇ ಸೂರು. ಅದರಾಚೆ ಹೋದರೆ ಅಲೆಯ ತಲೆ ಕತ್ತರಿಸಿ ಹಾಡು ಕರಕರ ಅನ್ನುತ್ತದೆ. ಹಾಗಾಗಿ ಲಿಮಿಟರ್ ಹಾಕಬೇಕು. ಲಿಮಿಟರ್ ಮಾಡುವುದು ಇಷ್ಟೇ: ಗ್ರೂಪ್ ಫೋಟೋದಲ್ಲಿ ಎತ್ತರದವರ ತಲೆ ಬಗ್ಗಿಸಿ, ಕುಳ್ಳಗಿರುವವರನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಎಲ್ಲರನ್ನೂ ಒಂದೇ ಎತ್ತರ ಮಾಡುವುದು. ಇಷ್ಟೆಲ್ಲ ಮಾಡಿ ಏನು ಸಿಗುತ್ತದೆ ಅಂತೀರಾ? ಸ್ಪಾಟಿಫೈನಂಥ ಕಡೆ ಹಾಡುಗಳನ್ನೆಲ್ಲ ಅವರೇ ಮೈನಸ್ 14ರ ಹತ್ತಿರಕ್ಕೆ ತಂದು ಕೇಳಿಸುತ್ತಾರೆ. ಮೈನಸ್ 9ರ ಹಾಡನ್ನು ಐದು ಡೆಸಿಬಲ್ ಇಳಿಸುತ್ತಾರೆ. ಏರಿಸಿದ್ದು ಇಳಿಯುತ್ತದೆ. ಅದುಮಿದ್ದು ಮಾತ್ರ ಅದುಮಿದ ಹಾಗೇ ಉಳಿಯುತ್ತದೆ. ಇದನ್ನೇ ಸಂಕಲನದವರಿಗೆ ವಿನಯದಿಂದ ಬರೆದೆ. ಮತ್ತೆ ಒಂದೇ ಸಾಲು: "ಸರಿ ಸರ್, ಆದರೂ ಸ್ವಲ್ಪ ಜೋರು ಮಾಡಿ."

ಮಾಡಿದೆ. ಮೈನಸ್ 9ಕ್ಕೆ ಏರಿಸಿ ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎರಡನೇ ಚರಣದಲ್ಲಿ ಒಂದು ಸಾಲಿದೆ. ಅಕ್ಕ ಅದನ್ನು ತನಗೆ ತಾನೇ ಹೇಳಿಕೊಳ್ಳುವ ಹಾಗೆ, ತೀರಾ ಮೆಲ್ಲಗೆ ಹಾಡಿದ್ದಳು. ನಾನು ಹೇಳಿಕೊಟ್ಟದ್ದಲ್ಲ. ಅವಳಿಗೇ ಹಾಗೆ ಅನ್ನಿಸಿತ್ತು. ರೆಕಾರ್ಡ್ ಮಾಡುವಾಗ ನಾನು ಕೀಬೋರ್ಡಿನ ಮೇಲಿನ ಕೈ ಅಲ್ಲಾಡಿಸದೆ ಕೂತಿದ್ದೆ. ಚಿಕ್ಕವರಿದ್ದಾಗ ಕರೆಂಟ್ ಹೋದರೆ ಅವಳು ಹೀಗೇ ಸಣ್ಣ ದನಿಯಲ್ಲಿ ಹಾಡುತ್ತಿದ್ದಳು. ನನಗೆ ಹೆದರಿಕೆ ಆಗದಿರಲಿ ಅಂತ. ಈಗ ಆ ಸಾಲು ಪಲ್ಲವಿಯಷ್ಟೇ ಜೋರಾಗಿ ಬಂದು ಮುಖಕ್ಕೆ ನಿಂತಿತು. ಅದಕ್ಕೂ ಮುಂಚೆ ಎಳೆದುಕೊಂಡ ಉಸಿರು ಸಾಲಿಗಿಂತ ಜೋರು. ಹಿಂದೆ ಎಲ್ಲೋ ಲ್ಯಾಪ್‌ಟಾಪ್ ಫ್ಯಾನ್ ಕೂಡ ಧ್ವನಿಗೂಡಿಸಿದೆ. ಇದನ್ನು ಕಳಿಸಲು ಕೈ ಬರಲಿಲ್ಲ. ಹಳೆಯದನ್ನು ಕಳಿಸಿದರೆ ಮತ್ತೆ ನಗುವ ಮುಖ ಗ್ಯಾರಂಟಿ.

ಹಾಡಿದವಳನ್ನೇ ಕೇಳೋಣ ಅಂತ ಎರಡೂ ಫೈಲುಗಳನ್ನು ಅಕ್ಕನಿಗೆ ಕಳಿಸಿದೆ. ಯಾವುದು ಯಾವುದು ಅಂತ ಹೇಳಲಿಲ್ಲ. ಮೊದಲು ಉತ್ತರ ಬಂದದ್ದು ಅವಳ ಫೋನಿನಿಂದ, ಆದರೆ ಭಾವನದು: "ಎರಡರಲ್ಲೂ ಬೇಸ್ ಇಲ್ಲ." ಸ್ವಲ್ಪ ಹೊತ್ತಾದ ಮೇಲೆ ಅಕ್ಕನೇ ಫೋನ್ ಮಾಡಿದಳು.

"ಎರಡೂ ಕೇಳ್ದೆ ಕಣೋ."

"ಯಾವ್ದು ಚೆನ್ನಾಗಿದೆ?"

"ಎರಡರಲ್ಲೂ ಪಲ್ಲವಿ ಕೊನೇಲಿ ಶ್ರುತಿ ಒಂಚೂರು ಇಳ್ದಿದೆ. ಭಾನುವಾರ ಬರ್ತೀನಿ, ಪೂರ್ತಿ ಇನ್ನೊಂದ್ಸಲ ಹಾಡ್ತೀನಿ."