ನೆಟ್‌ಬೀನ್ಸ್ ನಿಂತುಹೋಗಿಲ್ಲ: ಒಂದು ಸ್ಪಷ್ಟನೆ

ನೆಟ್‌ಬೀನ್ಸ್ ಎಂದರೆ ಜಾವಾ ಭಾಷೆಯಲ್ಲಿ ಪ್ರೋಗ್ರಾಂ ಬರೆಯಲು ಬಳಸುವ ತಂತ್ರಾಂಶ. ‘ನೆಟ್‌ಬೀನ್ಸ್ ಒರಾಕಲ್ ಕಂಪನಿಯದು, 8.2ನೇ ಆವೃತ್ತಿಗೇ ನಿಂತುಹೋಯಿತು, ಹೊಸ ಜಾವಾದಲ್ಲಿ ಓಡುವುದಿಲ್ಲ’ ಎಂಬ ಸಂದೇಶ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದರಲ್ಲಿ ಅರ್ಧ ಹಳೆಯ ಸುದ್ದಿ, ಉಳಿದರ್ಧ ತಪ್ಪು.

1996ರಲ್ಲಿ ಪ್ರಾಗ್‌ನ ಚಾರ್ಲ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೆಟ್‌ಬೀನ್ಸ್ ಶುರುಮಾಡಿದಾಗ ಅದರ ಹೆಸರು ಕ್ಸೆಲ್ಫಿ. 1999ರಲ್ಲಿ ಜಾವಾ ರೂಪಿಸಿದ್ದ ಸನ್ ಕಂಪನಿ ಕೊಂಡು, ಮರುವರ್ಷವೇ ಮೂಲಸಂಕೇತವನ್ನು (ಸೋರ್ಸ್ ಕೋಡ್) ಮುಕ್ತಗೊಳಿಸಿತು. 2010ರಲ್ಲಿ ಸನ್ ಜೊತೆಗೆ ಒರಾಕಲ್ ಕೈಸೇರಿದ್ದು ನಿಜ. ಆದರೆ 2016ರಲ್ಲಿ ಒರಾಕಲ್ಲೇ ಇದನ್ನು ಮುಕ್ತ ತಂತ್ರಾಂಶಗಳನ್ನು ನೋಡಿಕೊಳ್ಳುವ ಅಪಾಚೆ ಪ್ರತಿಷ್ಠಾನಕ್ಕೆ ಬಿಟ್ಟುಕೊಡಲು ಮುಂದಾಯಿತು. 2019ರಿಂದ ಅಲ್ಲಿ ಪೂರ್ಣ ಪ್ರಮಾಣದ ಯೋಜನೆ. ಹೊಸ ಆವೃತ್ತಿಗಳು ಬರುತ್ತಲೇ ಇವೆ.

‘ಓಡುವುದಿಲ್ಲ’ ಎನ್ನುವವರು ಸಾಮಾನ್ಯವಾಗಿ 8.2 ಹಾಕಿಕೊಂಡಿರುತ್ತಾರೆ. ಅದು ಜೆಡಿಕೆ (ಜಾವಾ ಪ್ರೋಗ್ರಾಂ ಬರೆದು ಓಡಿಸಲು ಬೇಕಾದ ಸಲಕರಣೆಗಳ ಕಟ್ಟು) 8ರ ಕಾಲದ್ದು. ಜಾವಾ 9ರಲ್ಲಿ ಒಳರಚನೆಯೇ ಮಾಡ್ಯೂಲ್‌ಗಳಾಗಿ, ಅಂದರೆ ಬಿಡಿ ಬಿಡಿ ಘಟಕಗಳಾಗಿ, ಬದಲಾಯಿತು. ಹಾಗಾಗಿ ಅದರ ಮೇಲೆ 8.2 ತೆರೆದರೂ ಹೊಸ ಪ್ರಾಜೆಕ್ಟ್ ಮಾಡಹೊರಟರೆ ಸಿಕ್ಕಿಹಾಕಿಕೊಳ್ಳುತ್ತದೆ. ದೂರು ಹೇಳಬೇಕಾದ್ದು ಹಳೆಯ ಆವೃತ್ತಿಯ ಮೇಲೆ.

ಪರಿಹಾರ: ಅಪಾಚೆ ತಾಣದಿಂದಲೇ ಹೊಸ ಆವೃತ್ತಿ ಇಳಿಸಿಕೊಳ್ಳಿ, ಜೆಡಿಕೆ 17 ಅಥವಾ ನಂತರದ್ದು ಇರಲಿ. ಪಠ್ಯಕ್ರಮ 8.2 ಅನ್ನೇ ಕೇಳಿದರೆ ಜೆಡಿಕೆ 8 ಬೇರೆಯಾಗಿ ಹಾಕಿ, ನೆಟ್‌ಬೀನ್ಸ್ ಫೋಲ್ಡರಿನ ‘ಇಟಿಸಿ’ (etc)ಯೊಳಗಿನ ‘ನೆಟ್‌ಬೀನ್ಸ್.ಕಾನ್ಫ್’ (netbeans.conf) ಕಡತವನ್ನು ಅಡ್ಮಿನ್ ಆಗಿ ತೆರೆಯಿರಿ. ‘ನೆಟ್‌ಬೀನ್ಸ್_ಜೆಡಿಕೆಹೋಮ್’ (netbeans_jdkhome) ಸಾಲಿನ ಮುಂದಿನ ಹ್ಯಾಷ್ ಗುರುತು (#) ತೆಗೆದು, ಜೆಡಿಕೆ 8 ಇರುವ ಫೋಲ್ಡರಿನ ದಾರಿ ಕೊಡಿ. ‘ಬಿನ್’ (bin) ತನಕ ಹೋಗಬೇಡಿ, ಅದರ ಮೇಲಿನ ಫೋಲ್ಡರಿಗೇ ನಿಲ್ಲಿಸಿ. ಜೆಡಿಕೆ ಬದಲಾಯಿಸಿದ ಮೇಲೆ ‘ಜಾವಾ ಸಿಗುತ್ತಿಲ್ಲ’ ಎಂಬ ಎಚ್ಚರಿಕೆ ಬಂದರೂ ನೋಡಬೇಕಾದ್ದು ಇದೇ ಸಾಲನ್ನು.