ಲರ್ನಿಂಗ್ ಕಾಮನ್ಸ್ ಏನೋ ಆಯ್ತು, ಬೀಗ ಯಾಕೆ ಸ್ವಾಮಿ?

ನಿನ್ನೆ ಒಂದು ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ. ನಾಳೆ ವ್ಯಾಲ್ಯುಯೇಷನ್‌ಗೆ ಅಲ್ಲಿಗೇ ಹೋಗಬೇಕು ನಾನು. ಆದರೆ ನಿನ್ನೆಯಿಂದ ತಲೆ ಬಿಸಿಯಾಗಿದೆ. ಇಲ್ಲಿ ಬರೆದು ಕಾರಿಕೊಳ್ಳದಿದ್ದರೆ ಮನೆಯಲ್ಲಿ ಪಾಪ ಯಾರಿಗೋ ಬೈಗುಳ ಬೀಳುತ್ತದೆ.

ಮೊದಲ ಮಹಡಿಯಲ್ಲಿ ಹೊಸ ಹಾಲ್ ಮಾಡಿದ್ದಾರೆ. ಗಾಜಿನ ಬಾಗಿಲು, ಮೇಲೆ 'ಲರ್ನಿಂಗ್ ಕಾಮನ್ಸ್' ಅಂತ ಹೊಳೆಯುವ ಅಕ್ಷರ. ಅಂದರೆ ಮಕ್ಕಳು ಗುಂಪಾಗಿ ಕೂತು ಮಾತಾಡಿಕೊಂಡು ಓದುವ ಜಾಗ. ಒಳಗೆ ದುಂಡು ಮೇಜು, ಬಣ್ಣದ ಕುರ್ಚಿ, ವೈಟ್ ಬೋರ್ಡ್, ಗೋಡೆ ತುಂಬ ಟಿವಿ. ಸೋಫಾದ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿಲ್ಲ. ಗೋಡೆಯ ಮೇಲೆ 'ನಿಶ್ಯಬ್ದ' ಬೋರ್ಡ್ ಬೇರೆ. ಬಾಗಿಲಿಗೆ ಬೀಗ.

ಬೀಗದ ಎದುರಿನ ಮೆಟ್ಟಿಲ ಮೇಲೆ ಐದು ಹುಡುಗಿಯರು ಕೂತಿದ್ದರು. ವಾಟರ್ ಫಿಲ್ಟರ್ ಪ್ಲಗ್ ಕಿತ್ತು ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ್ದರು. ವೈರು ಮೆಟ್ಟಿಲಿಗೆ ಅಡ್ಡ ಬಿದ್ದಿತ್ತು, ಹೋಗಿ ಬರುವವರೆಲ್ಲ ಕಾಲೆತ್ತಿ ದಾಟುತ್ತಿದ್ದರು. ನನ್ನ ಕಿವಿ ನಿಮಗೆ ಗೊತ್ತಲ್ಲ, ಎಕನಾಮಿಕ್ಸ್ ಅಂದರೆ ತಾನಾಗಿಯೇ ಆ ಕಡೆ ಹೋಗುತ್ತದೆ. ಒಬ್ಬಳು 'ಹೆಟೆರೊಸ್ಕೆಡಾಸ್ಟಿಸಿಟಿ' ಅನ್ನುವ ಸ್ಟ್ಯಾಟಿಸ್ಟಿಕ್ಸ್ ಪಾಠ ವಿವರಿಸುತ್ತಿದ್ದಳು. "ನೋಡ್ರೇ, ಸಂಬಳ ಕಮ್ಮಿ ಇರೋರ ಖರ್ಚೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ. ಅಕ್ಕಿ, ಬೇಳೆ, ಬಾಡಿಗೆ, ಮುಗೀತು. ದುಡ್ಡು ಜಾಸ್ತಿ ಆದಂಗೆ ಒಬ್ಬ ಕೂಡಿಡ್ತಾನೆ, ಇನ್ನೊಬ್ಬ ಉಡಾಯಿಸ್ತಾನೆ. ಗ್ರಾಫ್‌ನಲ್ಲಿ ಚುಕ್ಕಿ ಹರಡ್ಕೊಂಡು ಹೋಗುತ್ತೆ. ಅಷ್ಟೇನೇ ಕಣ್ರೇ ಅದು!" ನಾನು ಕ್ಲಾಸಿನಲ್ಲಿ ಇದನ್ನೇ ಪಾಠ ಮಾಡುವವಳು. ಇಷ್ಟು ಚೆನ್ನಾಗಿ ಹೇಳಿದ ನೆನಪಿಲ್ಲ.

ಅಷ್ಟರಲ್ಲಿ ಅಟೆಂಡರ್ ಬಂದರು. "ಏನ್ರಮ್ಮಾ, ಇದೇನು ಸಂತೆನಾ? ಎದ್ದೇಳಿ ಎದ್ದೇಳಿ." ಐವರೂ ಬ್ಯಾಗ್ ಎತ್ತಿಕೊಂಡರು. ನನಗೆ ತಡೆಯಲಿಲ್ಲ. ಆ ರೂಮ್ ತೆಗೆದುಕೊಡಬಹುದಲ್ವಾ ಅಂದೆ. "ಕೀ ಸಾಹೇಬ್ರ ಹತ್ರ ಇದೆ ಮೇಡಂ. ಅವ್ರು ಮೀಟಿಂಗಲ್ಲಿದಾರೆ. ಲೆಟರ್ ಕೊಡ್ಬೇಕು, ಎಚ್‌ಓಡಿ ಸೈನ್ ಆಗಿರ್ಬೇಕು." ಅವರ ಮೇಲೆ ನನಗೆ ಸಿಟ್ಟಿಲ್ಲ. ಹೊರಗುತ್ತಿಗೆಯ ನೌಕರ. ಒಂದು ಕುರ್ಚಿಯ ಕಾಲು ಮುರಿದರೂ ಮೊದಲು ಅವರನ್ನೇ ಕರೆದು ಕೇಳುತ್ತಾರೆ. ಕೀ ಮೇಲಿನವರ ಜೇಬಿನಲ್ಲಿರುವುದೇ ಅವರಿಗೂ ಕ್ಷೇಮ.

ಒಟ್ಟಿಗೆ ಕೂತು ಕಲಿಯಲಿ ಅಂತ ಕಟ್ಟಿದ ಕೋಣೆ. ಅಲ್ಲಿ ಒಟ್ಟಿಗೆ ಕೂರುವುದಕ್ಕೆ ಎಚ್‌ಓಡಿ ಸಹಿ ಬೇಕು!

ಒಂದು ಮಾತು ಬಹಳ ಜನರಿಗೆ ಅರ್ಥವಾಗುವುದಿಲ್ಲ, ಅದರಲ್ಲೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ. ನಮ್ಮ ಕಡೆಯ ಎಂಎ ಹುಡುಗರಲ್ಲಿ ಎಷ್ಟೋ ಮಂದಿ ಪಿಯುಸಿ, ಡಿಗ್ರಿವರೆಗೆ ಕನ್ನಡದಲ್ಲಿ ಓದಿ ಬಂದವರು. ಪಿಜಿಗೆ ಬಂದ ಕೂಡಲೇ ದಪ್ಪ ಇಂಗ್ಲಿಷ್ ಪುಸ್ತಕ ಕೈಗೆ ಬರುತ್ತದೆ. ಅದನ್ನು ಬಾಯಿ ಮುಚ್ಚಿಕೊಂಡು ಓದಿದರೆ ಹತ್ತಿದ್ದು ಹತ್ತಿತು, ಇಲ್ಲದಿದ್ದರೆ ಇಲ್ಲ. ಒಬ್ಬರು ಓದಿ, ಇನ್ನೊಬ್ಬರು ಕನ್ನಡದಲ್ಲಿ ಹೇಳಿ, ಮೂರನೆಯವಳು "ಹಂಗಲ್ವೇ" ಅಂತ ಜಗಳಕ್ಕೆ ಬಂದಾಗಲೇ ಅದು ತಲೆಗೆ ಇಳಿಯುವುದು. ಈ ಮಕ್ಕಳಿಗೆ ಮಾತೇ ಓದು. ಮಾತಾಡಬೇಡಿ ಅಂದರೆ ಓದಬೇಡಿ ಅಂದ ಹಾಗೇ.

ನನ್ನದೇ ಕಥೆ ಹೇಳಿಬಿಡುತ್ತೇನೆ, ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಎಂಎ ಮೊದಲ ಸೆಮಿಸ್ಟರ್‌ನಲ್ಲಿ ಬಿಟ್ಟು ಹೋಗೋಣ ಅಂತ ಟ್ರಂಕ್ ಕಟ್ಟಿದ್ದೆ. ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಎತ್ತಿದ ಮೇಲೆ, ಸಾಂಬಾರ್ ಒರೆಸಿದ ಮೇಜಿನ ಮೇಲೆ, ಸಿಂಧನೂರಿನ ಕಡೆಯ ಗೆಳತಿಯೊಬ್ಬಳು ನನಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಟ್ಟಳು. ಲೈಬ್ರರಿಯಲ್ಲಿ ಹೇಳಿಕೊಡಲು ಹೋಗಿ ಬೈಸಿಕೊಂಡಿದ್ದೆವು. ಇವತ್ತು ನಾನು ಮೇಡಂ ಅನ್ನಿಸಿಕೊಳ್ಳುತ್ತಿರುವುದು ಆ ಮೆಸ್ಸಿನ ಮೇಜಿನಿಂದ. ಕಣ್ಣಲ್ಲಿ ನೀರು ಬಂತು ನೋಡಿ ಸುಮ್ನೆ, ಇರಲಿ.

ಹುಡುಗರಿಗಾದರೂ ಗೇಟಿನ ಹೊರಗೆ ಟೀ ಅಂಗಡಿ ಇದೆ. ರಾತ್ರಿ ಹತ್ತಕ್ಕೂ ಬೈಕ್ ಸೀಟಿನ ಮೇಲೆ ಕೂತು ಚರ್ಚೆ ಮಾಡುತ್ತಾರೆ. ಹುಡುಗಿಯರು ಎಲ್ಲಿಗೆ ಹೋಗಬೇಕು? ಕತ್ತಲಾಗುವುದರೊಳಗೆ ಹಾಸ್ಟೆಲ್ ಗೇಟು ಹಾಕುತ್ತಾರೆ. ಹಗಲು ಸಿಗುವ ಒಂದು ಜಾಗ ಲೈಬ್ರರಿ. ಅಲ್ಲಿ ಮೆಟ್ಟಿಲೂ ಇಲ್ಲ ಅಂದರೆ?

ಈಗ ಬರುತ್ತಾರೆ ನೋಡಿ, "ಮೇಡಂ, ಸೈಲೆಂಟಾಗಿ ಓದೋರ ಗತಿ?" ಅಂತ. ಸರಿ, ಒಪ್ಪಿದೆ. ಕೆಎಎಸ್, ಪಿಎಸ್‌ಐ, ಕೆ-ಸೆಟ್‌ಗೆ ಅಂತ ಬೆಳಿಗ್ಗೆಯಿಂದ ಕೂತವರಿಗೆ ಸದ್ದು ಆಗಬಾರದು. ಅದಕ್ಕೇ ತಾನೇ ಬೇರೆ ಕೋಣೆ ಕಟ್ಟಿದ್ದು, ಗಾಜು ಹಾಕಿಸಿದ್ದು! ಗ್ಲಾಸ್ಗೋ ಕ್ಯಾಲೆಡೋನಿಯನ್ ವಿಶ್ವವಿದ್ಯಾಲಯ 2006ರಲ್ಲಿ ಸಾಲ್ಟೈರ್ ಸೆಂಟರ್ ಅಂತ ಲೈಬ್ರರಿ ತೆರೆಯಿತು. ಕೆಳಗೆ ಕೆಫೆ, ಮಾತು, ಗಲಾಟೆ. ಮಹಡಿ ಏರಿದಂತೆ ಸದ್ದು ಕಡಿಮೆ. ಮೇಲೆ ಪೂರ್ತಿ ನಿಶ್ಯಬ್ದ. ಇದಕ್ಕೇನು ರಾಕೆಟ್ ಬೇಕೇ? ನಮ್ಮ ಲೈಬ್ರರಿಗೂ ಮಹಡಿಗಳಿವೆ, ಮೆಟ್ಟಿಲಿವೆ. ಇನ್ನು "ಕೂತು ಕಾಡುಹರಟೆ ಹೊಡೀತಾರೆ" ಅನ್ನುವವರಿಗೆ: ಹೊಡೆಯಲಿ ಬಿಡಿ. ಸ್ಟಾಫ್ ರೂಮಿನಲ್ಲಿ ನಾವು ಡಿಎ ಅರಿಯರ್ಸ್ ಬಿಟ್ಟು ಬೇರೇನು ಮಾತಾಡುತ್ತೇವೆ?

ಆಗಸ್ಟ್ 12ಕ್ಕೆ ಎಲ್ಲ ಲೈಬ್ರರಿಗಳಲ್ಲೂ ನಮ್ಮ ದೇಶದ ಲೈಬ್ರರಿ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಫೋಟೋಗೆ ಹಾರ ಹಾಕುತ್ತಾರೆ, ಭಾಷಣ ಹೊಡೆಯುತ್ತಾರೆ. ಆ ಮನುಷ್ಯ 1931ರಲ್ಲೇ ಐದು ಸೂತ್ರ ಕೊಟ್ಟರು. ಮೊದಲನೆಯದೇ ಪುಸ್ತಕ ಇರುವುದು ಬಳಸುವುದಕ್ಕೆ ಅಂತ. ಕೊನೆಯದು, ಲೈಬ್ರರಿ ಬೆಳೆಯುವ ಜೀವಿ ಅಂತ. ನಮ್ಮ ಬೆಂಗಳೂರಿನಲ್ಲೇ 1962ರಲ್ಲಿ ಲೈಬ್ರರಿ ವಿಜ್ಞಾನ ಕಲಿಸುವ ಡಿಆರ್‌ಟಿಸಿ ಶುರು ಮಾಡಿದವರು, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ಪುಸ್ತಕ ಬಳಸಲಿಕ್ಕೆ ಅಂದವರು ಸೋಫಾಗೆ ಬೇರೆ ಸೂತ್ರ ಬರೆಯುತ್ತಿದ್ದರಾ?

ದುಡ್ಡಿಲ್ಲ ಅಂತ ಮಾತ್ರ ಹೇಳಬೇಡಿ. ದೇಶಕ್ಕೆಲ್ಲ ಒಟ್ಟಿಗೆ ಸಂಶೋಧನಾ ಜರ್ನಲ್ ಕೊಳ್ಳುವ ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್‌ಗೆ ಕೇಂದ್ರ ಮೂರು ವರ್ಷಕ್ಕೆ 6,000 ಕೋಟಿ ಮೀಸಲಿಟ್ಟಿದೆ. 2025ರ ಜನವರಿಯಿಂದ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯಗಳ ಮಕ್ಕಳಿಗೆ ಸಿಗುವ ಹಾಗಾಯಿತು. ತುಂಬಾ ಒಳ್ಳೆಯದು, ನಿಜವಾಗಿ ಖುಷಿ. ಆದರೆ ಆ ಜರ್ನಲ್ ತೆರೆಯುವ ಹುಡುಗಿ ಲ್ಯಾಪ್‌ಟಾಪ್ ಪ್ಲಗ್ಗಿಗೆ ಫಿಲ್ಟರ್ ಆಫ್ ಮಾಡಬೇಕು. ಅವಳಿಗೆ ಜರ್ನಲ್ ಸಿಕ್ಕರೆ ನಮಗೆಲ್ಲ ಕುಡಿಯುವ ನೀರಿಲ್ಲ.

ಹಾಗಾದರೆ ಈ ಹಾಲ್ ಯಾಕೆ ಕಟ್ಟಿದರು? ನಿಮಗೂ ಗೊತ್ತು, ನನಗೂ ಗೊತ್ತು. ನ್ಯಾಕ್! ಕಾಲೇಜು, ವಿಶ್ವವಿದ್ಯಾಲಯಗಳನ್ನು ಅಳೆದು ಮಾನ್ಯತೆ ಕೊಡುವ ಸಂಸ್ಥೆ. ಅದರ ಮಾನದಂಡಗಳಲ್ಲೊಂದು ಮೂಲಸೌಕರ್ಯ ಮತ್ತು ಕಲಿಕಾ ಸಂಪನ್ಮೂಲ. ಶೋಕೇಸಿನ ಕಪ್ಪು-ಸಾಸರ್ ಥರ, ನೆಂಟರು ಬಂದಾಗ ಇಳಿಸಿ ಒರೆಸಿ ತೋರಿಸುವುದಕ್ಕೆ. ನ್ಯಾಕ್‌ನ ಪೀರ್ ಟೀಮ್ ನೋಡಲು ಬರುವ ದಿನ ಇದೇ ಐವರನ್ನು ಫೋನ್ ಮಾಡಿ ಕರೆಸುತ್ತಾರೆ, "ಒಳ್ಳೇ ಡ್ರೆಸ್ ಹಾಕ್ಕೊಂಡ್ ಬನ್ರಮ್ಮಾ" ಅಂತ ಬೇರೆ ಹೇಳುತ್ತಾರೆ. ಚರ್ಚೆ ಮಾಡುವ ಹಾಗೆ ಕೂರಿಸಿ ಫೋಟೋ. ಬರೆದಿಟ್ಟುಕೊಳ್ಳಿ.

ನನ್ನ ಫ್ರೆಂಡ್ ಲಿಸ್ಟಿನಲ್ಲಿ ಸಿಂಡಿಕೇಟಿನವರೂ ಇದ್ದೀರಿ, ಅಕಾಡೆಮಿಕ್ ಕೌನ್ಸಿಲಿನವರೂ ಇದ್ದೀರಿ. ದಯವಿಟ್ಟು ಕೈಮುಗಿಯುವ ಇಮೋಜಿ ಹಾಕಿ ಮುಂದೆ ಹೋಗಬೇಡಿ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ಆ ಬಾಗಿಲು ತೆರೆದಿರಬೇಕು. ಲೆಟರ್ ಬೇಡ, ಸಹಿ ಬೇಡ, ಐಡಿ ಕಾರ್ಡ್ ಸಾಕು. ಸ್ವಂತ ಪುಸ್ತಕ ಒಳಗೆ ಬಿಡಬೇಕು. ಪ್ರತಿ ಮೇಜಿಗೂ ಪ್ಲಗ್ ಪಾಯಿಂಟ್ ಹಾಕಿಸಬೇಕು. ಆ 'ನಿಶ್ಯಬ್ದ' ಬೋರ್ಡನ್ನು ಕಿತ್ತು ಮೇಲಿನ ಮಹಡಿಗೆ ಸಾಗಿಸಬೇಕು. ಕುರ್ಚಿ ಮುರಿದರೆ ಅಟೆಂಡರ್ ತಲೆಗೆ ಕಟ್ಟಬಾರದು. ಇಷ್ಟೇ ಅಜೆಂಡಾ. ಮುಂದಿನ ಮೀಟಿಂಗ್ ಯಾವಾಗ ಅಂತ ಇನ್‌ಬಾಕ್ಸ್‌ಗೆ ಹಾಕಿ, ಹಿಂದಿನ ದಿನ ನಾನೇ ಫೋನ್ ಮಾಡಿ ನೆನಪಿಸುತ್ತೇನೆ.